ಮೊದಲು ಬಿದ್ದ, ಆಮೇಲೆ ಎದ್ದ

1981ರ ಜುಲೈ. ‘ರಿಟರ್ನ್ ಆಫ್ ದ ಜೆಡೈ’ ಸಿನಿಮಾದ ಕತೆಯನ್ನು ಬಿಚ್ಚಿ ಮತ್ತೆ ಹೊಲಿಯಲು ಜಾರ್ಜ್ ಲ್ಯೂಕಸ್, ಚಿತ್ರಕತೆಗಾರ ಲಾರೆನ್ಸ್ ಕ್ಯಾಸ್ಡನ್, ನಿರ್ದೇಶಕ ರಿಚರ್ಡ್ ಮಾರ್ಕ್ವಾಂಡ್ ಮತ್ತು ನಿರ್ಮಾಪಕ ಹೋವರ್ಡ್ ಕಜಾಂಜಿಯನ್ ಒಟ್ಟಿಗೆ ಕೂತಿದ್ದರು. ಮಾತಿನ ನಡುವೆ ಒಂದು ಪ್ರಶ್ನೆ ಬಂತು: ಈ ಚಕ್ರವರ್ತಿ ಇದ್ದಾನಲ್ಲ, ಇವನೂ ಒಂದು ಕಾಲಕ್ಕೆ ಜೆಡೈ ಯೋಧನಾಗಿದ್ದನೆ? ಲ್ಯೂಕಸ್ ಅಲ್ಲ ಎಂದರು. ಅವನೊಬ್ಬ ರಾಜಕಾರಣಿ, ಹೆಸರು ರಿಚರ್ಡ್ ಎಂ. ನಿಕ್ಸನ್ ಎಂದರು. ಒಳ್ಳೆಯವನ ಹಾಗೆ ನಟಿಸುತ್ತ, ಸೆನೆಟ್ಟನ್ನು ಒಳಗಿಂದಲೇ ಕೆಡಿಸಿ, ಕೊನೆಗೆ ಎಲ್ಲವನ್ನೂ ಕೈಗೆ ತೆಗೆದುಕೊಂಡವನು ಎಂದು ಬಿಡಿಸಿ ಹೇಳಿದರು.

ಅಷ್ಟು ಹೊತ್ತಿಗೆ ಸ್ಟಾರ್ ವಾರ್ಸ್‌ನ ಎರಡು ಸಿನಿಮಾ ಬಂದು ಹೋಗಿದ್ದವು. ಆ ಚಕ್ರವರ್ತಿಯ ಮುಖವನ್ನು ಪ್ರೇಕ್ಷಕರು ನೋಡಿದ್ದು ಒಂದೇ ಸಲ, ಅದೂ ನೀಲಿ ಬೆಳಕಿನಲ್ಲಿ ಅಲುಗುವ ಬಿಂಬವಾಗಿ. ಈಗ ಮೂರನೆಯ ಸಿನಿಮಾದಲ್ಲಿ ಅವನನ್ನು ಕರೆತಂದು, ಕೂರಿಸಿ, ಮಾತಾಡಿಸಿ, ಕೊಂದೂ ಬಿಡಬೇಕಿತ್ತು. ಅವನು ಹೇಗೆ ಮೇಲೆ ಬಂದ ಎನ್ನುವುದಕ್ಕೆ ತೆರೆಯ ಮೇಲೆ ಜಾಗವೇ ಇರಲಿಲ್ಲ. ದುಷ್ಟ ದೊರೆಗಳ ಕತೆಗೆ ಒಂದು ವಾಡಿಕೆಯ ಕ್ರಮವಿದೆ. ಏರುತ್ತಾರೆ, ಮೆರೆಯುತ್ತಾರೆ, ಬೀಳುತ್ತಾರೆ. ಪಾಲ್ಪಟೀನ್ ಎಂಬ ಈ ದೊರೆ 1983ರಲ್ಲಿ ಬಿದ್ದ. ಅವನ ಏಳಿಗೆಯನ್ನು ಪೂರ್ತಿ ಹುಡುಕಿ ತೆರೆಗೆ ತರುವಷ್ಟರಲ್ಲಿ 2005 ಆಗಿತ್ತು. ಈ ಹಿಂದುಮುಂದಾದ ಕ್ರಮವೇ ಅವನನ್ನು ಬೇರೆ ಖಳರಿಗಿಂತ ಬೇರೆಯಾಗಿಸಿತು ಎನ್ನುವುದು ನನ್ನ ನಂಬಿಕೆ. ಅದು ಯಾರೂ ಯೋಜಿಸಿದ್ದಲ್ಲ. ಸ್ವಲ್ಪ ರಾಜಕೀಯ, ಸ್ವಲ್ಪ ಹಟ, ಒಬ್ಬ ಮುದಿ ನಟನ ಅನಾರೋಗ್ಯ, ಒಂದು ಸಣ್ಣ ರಂಗಮಂದಿರದ ನಾಟಕ, ಇವೆಲ್ಲ ಸೇರಿ ಆದದ್ದು.

ಬೇರು ಕೆದಕಿದರೆ ಮೊದಲು ಸಿಗುವುದು ಒಂದು ನಿರಾಸೆ. 1970ರ ದಶಕದ ಆರಂಭದಲ್ಲಿ ಲ್ಯೂಕಸ್‌ಗೆ ಬೇಕಾಗಿದ್ದದ್ದು ಸ್ವಂತ ಕತೆಯಲ್ಲ, ಫ್ಲಾಶ್ ಗಾರ್ಡನ್. ಅಲೆಕ್ಸ್ ರೇಮಂಡ್ 1934ರ ಜನವರಿಯಲ್ಲಿ ಶುರುಮಾಡಿದ ಕಾಮಿಕ್ಸ್ ಅದು. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಫ್ಯಾಂಟಮ್, ಮ್ಯಾಂಡ್ರೇಕ್ ಜತೆಗೆ ಈ ಗಗನವೀರನೂ ಪರಿಚಿತನೇ. ಅವನನ್ನಿಟ್ಟುಕೊಂಡು 1936, 1938, 1940ರಲ್ಲಿ ಧಾರಾವಾಹಿ ಚಿತ್ರಗಳು ಬಂದಿದ್ದವು. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನ ಹುಡುಗ ಲ್ಯೂಕಸ್ ಅವನ್ನು ಟೀವಿಯಲ್ಲಿ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ದೊಡ್ಡವನಾಗಿ ಹಕ್ಕು ಕೇಳಲು ಹೋದರೆ ಅದು ಕೈಗೆಟುಕಲಿಲ್ಲ. ಮುಂದೆ ಇಟಲಿಯ ನಿರ್ಮಾಪಕ ದೀನೊ ದೆ ಲಾರೆಂಟೀಸ್ ಅದನ್ನು 1980ರಲ್ಲಿ ಸಿನಿಮಾ ಮಾಡಿದರು. ಸಿಗದ ಫ್ಲಾಶ್ ಗಾರ್ಡನ್ ಜಾಗದಲ್ಲಿ ಲ್ಯೂಕಸ್ ತನ್ನದೇ ಒಂದು ಲೋಕ ಕಟ್ಟಬೇಕಾಯಿತು.

ಫ್ಲಾಶ್ ಗಾರ್ಡನ್‌ನ ಎದುರಾಳಿ ಮಾಂಗೋ ಗ್ರಹದ ದೊರೆ ಮಿಂಗ್. ಬೋಳುತಲೆ, ಇಳಿಬಿದ್ದ ಮೀಸೆ, ಕಿವಿ ದಾಟಿ ನಿಲ್ಲುವ ಕಾಲರು. ಏಷ್ಯಾದವರೆಂದರೆ ಕುಟಿಲರು ಎಂಬ ಆ ಕಾಲದ ಪಾಶ್ಚಾತ್ಯ ಪೂರ್ವಗ್ರಹವೆಲ್ಲ ಅವನ ಮೈಮೇಲೆ ಅಂಗಿಯಾಗಿ ಕೂತಿತ್ತು. ಮಿಂಗ್ ಹೇಗೆ ದೊರೆಯಾದ ಎಂದು ಕೇಳುವ ಅಗತ್ಯ ಓದುಗನಿಗೆ ಬೀಳುವುದೇ ಇಲ್ಲ. ಅವನು ಬೇರೆ ಗ್ರಹದವನು, ಬೇರೆ ಬಣ್ಣದವನು, ಕೆಟ್ಟವನು, ಸಾಕು. ಲ್ಯೂಕಸ್ ಆ ಸಿಂಹಾಸನವನ್ನು ಉಳಿಸಿಕೊಂಡು ಅದರ ಮೇಲೆ ಕೂತವನನ್ನು ಬದಲಾಯಿಸಿದರು. ಅಲ್ಲಿ ಕೂರಿಸಲು ಹೊರಗಿನವನನ್ನು ಹುಡುಕಲಿಲ್ಲ, ಮನೆಯೊಳಗಿನವನನ್ನೇ ಹುಡುಕಿದರು.

ಆಗಿನ ಅಮೆರಿಕದಲ್ಲಿ ಅಂಥವನನ್ನು ಹುಡುಕಲು ದೂರ ಹೋಗಬೇಕಿರಲಿಲ್ಲ. 1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಅದಾಗಿ ಐದೇ ತಿಂಗಳಿಗೆ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದು ಮರುಆಯ್ಕೆಯಾದರು. ಈ 49 ಎಂಬ ಅಂಕಿಯನ್ನು ನೆನಪಿಡಬೇಕು. ನುಗ್ಗಿದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೂ ಜನ ಅಷ್ಟು ಧಾರಾಳವಾಗಿ ಕೊಟ್ಟರು. ಲ್ಯೂಕಸ್ ಪೆನ್ಸಿಲ್ ಹಿಡಿದು ಬರೆಯಲು ಕೂತದ್ದು ಅದರ ಮರುತಿಂಗಳುಗಳಲ್ಲಿ, 1973ರ ಆರಂಭದಲ್ಲಿ. ವಿಯೆಟ್ನಾಂ ಯುದ್ಧದ ಬಗ್ಗೆ ‘ಅಪೊಕಲಿಪ್ಸ್ ನೌ’ ಸಿನಿಮಾ ಮಾಡುವ ಯೋಚನೆಯಲ್ಲಿ ಅವರು ವರ್ಷಗಟ್ಟಲೆ ಇದ್ದವರು. ಅದು ಕೈಗೂಡದೆ ಕೊನೆಗೆ ಫ್ರಾನ್ಸಿಸ್ ಕೊಪೊಲಾ ಪಾಲಾಯಿತು. ಆ ಸಿಟ್ಟೆಲ್ಲ ಆಕಾಶದ ಕತೆಗೆ ವರ್ಗವಾಯಿತು. ಆ ಕಾಲದ ಅವರ ಟಿಪ್ಪಣಿಯೊಂದರಲ್ಲಿ ಕತೆಯ ಸಾಮ್ರಾಜ್ಯವನ್ನು ಹತ್ತು ವರ್ಷ ಮುಂದಿನ ಅಮೆರಿಕಕ್ಕೆ ಹೋಲಿಸಿದ್ದಾರೆ. 1974ರ ಮೇ ತಿಂಗಳ ಮೊದಲ ಪೂರ್ಣ ಕರಡಿನಲ್ಲಿ ಚಕ್ರವರ್ತಿಗೆ ಕಾಸ್ ಡಾಶಿಟ್ ಎಂಬ ವಿಚಿತ್ರ ಹೆಸರಿತ್ತು. ಕರಡು ಮುಗಿದ ಮೂರು ತಿಂಗಳಿಗೆ, ಆಗಸ್ಟ್ 9ಕ್ಕೆ, ನಿಕ್ಸನ್ ರಾಜೀನಾಮೆ ಕೊಟ್ಟು ಇಳಿದರು.

ಪಾಲ್ಪಟೀನ್ ಎಂಬ ಹೆಸರು ಮೊದಲು ಅಚ್ಚಾದದ್ದು ಸಿನಿಮಾಕ್ಕಿಂತ ಮುಂಚೆ. 1976ರ ನವೆಂಬರಿನಲ್ಲಿ, ಚಿತ್ರ ಬಿಡುಗಡೆಗೆ ಆರು ತಿಂಗಳಿರುವಾಗಲೇ ಅದರ ಕಾದಂಬರಿ ರೂಪ ಅಂಗಡಿಗೆ ಬಂತು. ಮುಖಪುಟದಲ್ಲಿ ಲ್ಯೂಕಸ್ ಹೆಸರು, ಒಳಗಿನ ಬರವಣಿಗೆ ಅಲನ್ ಡೀನ್ ಫಾಸ್ಟರ್ ಅವರದು. ಅದರ ಪೀಠಿಕೆಯಲ್ಲಿ ಗಣರಾಜ್ಯ ಒಳಗೊಳಗೇ ಕೊಳೆತ ಬಗೆಯಿದೆ. ಮಹತ್ವಾಕಾಂಕ್ಷೆಯ ಸೆನೆಟರ್ ಒಬ್ಬ ಸರಕಾರದ ಒಳಗಿನವರ, ವ್ಯಾಪಾರಿ ಕೂಟಗಳ ಬೆಂಬಲದಿಂದ ಅಧ್ಯಕ್ಷನಾಗಿ ಆಯ್ಕೆಯಾಗುತ್ತಾನೆ. ಹಳೆಯ ವೈಭವ ಮರಳಿ ತರುವ ಮಾತು ಕೊಡುತ್ತಾನೆ. ಕುರ್ಚಿ ಭದ್ರವಾದ ಮೇಲೆ ಚಕ್ರವರ್ತಿ ಎಂದು ಸಾರಿಕೊಳ್ಳುತ್ತಾನೆ. ಆಮೇಲೆ ಅರಮನೆಯ ಕದ ಹಾಕಿಕೊಂಡು, ಬಾಲಬಡುಕರ ಕೈಗೆ ಸಿಕ್ಕಿ, ಜನರ ಅಳಲು ಕಿವಿಗೆ ಬೀಳದವನಾಗುತ್ತಾನೆ. ಕೆಲವೇ ಪ್ಯಾರಾ. ಈ ಪಾಲ್ಪಟೀನ್‌ಗೆ ಮಂತ್ರವಿಲ್ಲ, ಮಿಂಚಿಲ್ಲ. ಅವನು ಸುತ್ತಲಿನವರ ಕೈಗೊಂಬೆಯಾದ ದುರ್ಬಲ ಸರ್ವಾಧಿಕಾರಿ.

1977ರ ಮೇ 25ರಂದು ತೆರೆಗೆ ಬಂದ ಸಿನಿಮಾದಲ್ಲಿ ಅವನು ಇಲ್ಲವೇ ಇಲ್ಲ. ಸಭೆಯ ಮೇಜಿನ ಸುತ್ತ ಸೇನಾಧಿಕಾರಿಗಳು ಕೂತಿರುವಾಗ ಪೀಟರ್ ಕುಶಿಂಗ್ ನಟಿಸಿದ ಟಾರ್ಕಿನ್ ಒಳಗೆ ಬಂದು, ಚಕ್ರವರ್ತಿಗಳು ಸೆನೆಟ್ಟನ್ನು ಶಾಶ್ವತವಾಗಿ ವಿಸರ್ಜಿಸಿದ್ದಾರೆ ಎಂದು ವರದಿ ಒಪ್ಪಿಸುವಂತೆ ಹೇಳಿಬಿಡುತ್ತಾನೆ. ಹಾಗಾದರೆ ಆಡಳಿತ ಯಂತ್ರವಿಲ್ಲದೆ ಹಿಡಿತ ಹೇಗೆ ಎಂದು ಒಬ್ಬ ಅಧಿಕಾರಿ ಕೇಳುತ್ತಾನೆ. ಇನ್ನು ಪ್ರಾಂತಾಧಿಕಾರಿಗಳದೇ ನೇರ ಆಳ್ವಿಕೆ, ಉಳಿದದ್ದನ್ನು ಭಯ ನೋಡಿಕೊಳ್ಳುತ್ತದೆ ಎಂಬ ಅರ್ಥದ ಉತ್ತರ ಬರುತ್ತದೆ. ಸಿನಿಮಾ ಆ ಮಾತನ್ನು ಅಲ್ಲೇ ಬಿಟ್ಟು ಮುಂದಕ್ಕೆ ಓಡುತ್ತದೆ. ಬೆಳಕಿನ ಕತ್ತಿ, ಗಗನನೌಕೆಗಳ ಗದ್ದಲದಲ್ಲಿ ಈ ಕಚೇರಿ ಮಾತು ಯಾರಿಗೆ ನೆನಪಿರುತ್ತದೆ? ನನಗಂತೂ ಇಡೀ ಚಿತ್ರದಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ಅರ್ಧ ನಿಮಿಷ ಅದು.

1980ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ಮೊದಲ ಬಾರಿ ಮುಖ ಕಂಡಿತು. ಲೋಕವೆಲ್ಲ ಹೆದರುವ ಡಾರ್ತ್ ವೇಡರ್ ಒಂದು ಬೃಹತ್ ಬಿಂಬದೆದುರು ಮೊಣಕಾಲೂರಿ ಕೂರುತ್ತಾನೆ. ಆ ಮುಖವನ್ನು ಜೋಡಿಸಿದ ಬಗೆ ವಿಚಿತ್ರ. ಮೇಕಪ್ ಕಲಾವಿದ ರಿಕ್ ಬೇಕರ್ ಮುಖವಾಡ ಸಿದ್ಧಮಾಡಿದರು. ಅದನ್ನು ತೊಟ್ಟವರು ಅವರ ಪತ್ನಿ ಎಲೇನ್. ಕಣ್ಣಿನ ಜಾಗಕ್ಕೆ ಚಿಂಪಾಂಜಿಯ ಕಣ್ಣುಗಳ ಚಿತ್ರವನ್ನು ಮೇಲೆ ಕೂರಿಸಿದರು. ದನಿ ಕ್ಲೈವ್ ರೆವಿಲ್ ಎಂಬ ನ್ಯೂಜಿಲೆಂಡ್ ಮೂಲದ ನಟನದು. ಹೆಣ್ಣಿನ ಮುಖ, ಪ್ರಾಣಿಯ ಕಣ್ಣು, ಗಂಡಿನ ದನಿ. ಆ ಮುಖ ಹಿರಿಯ ನಟಿ ಮಾರ್ಜರಿ ಈಟನ್ ಅವರದು ಎಂದೇ ಬಹುಕಾಲ ಜನ ನಂಬಿದ್ದರು. ಈ ಜೋಡಣೆಯಲ್ಲಿ ನಿಕ್ಸನ್ ಮಾಯವಾಗಿ ಮಾಂತ್ರಿಕನೊಬ್ಬ ಹುಟ್ಟಿಕೊಂಡಿದ್ದ. ಬಾಲಬಡುಕರ ಕೈಗೊಂಬೆ ಹೋಗಿ, ವೇಡರ್‌ನಂಥವನನ್ನೂ ಬೆರಳಲ್ಲಿ ಆಡಿಸುವವನು ಬಂದಿದ್ದ.

ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಬಗೆ ಬಲ್ಲವರಿಗೆ ಈ ಮೂರು ಸಿನಿಮಾಗಳ ನಡೆ ಬೇಗ ಹಿಡಿಸೀತು. ರಾಕ್ಷಸ ನೇರ ಬಂದು ನಿಲ್ಲುವುದಿಲ್ಲ. ಮೊದಲು ಚೌಕಿಯ ಕಡೆಯಿಂದ ಅಬ್ಬರ, ಆಮೇಲೆ ತೆರೆಯ ಹಿಂದೆ ಕುಣಿತ, ತೆರೆಯ ಅಂಚಿನಲ್ಲಿ ಕಿರೀಟದ ತುದಿ, ಇಣುಕಿ ಮರೆಯಾಗುವ ಮುಖ. ತೆರೆ ಸರಿಯುವ ಹೊತ್ತಿಗೆ ನೋಡುವವನು ಅರ್ಧ ಸೋತಿರುತ್ತಾನೆ. ಸ್ಟಾರ್ ವಾರ್ಸ್ ಈ ತೆರೆಯನ್ನು ಆರು ವರ್ಷ ಹಿಡಿದುಕೊಂಡು ನಿಂತಿತು. ಹಾಗೆಂದು ಯಾರೂ ಮೊದಲೇ ಲೆಕ್ಕ ಹಾಕಿದ್ದರೆಂದು ನಾನು ನಂಬುವುದಿಲ್ಲ. 1977ರಲ್ಲಿ ಮೊದಲನೆಯದು ತೆರೆಗೆ ಬರುವ ಮುನ್ನ ಎರಡನೆಯ ಸಿನಿಮಾ ಬರುತ್ತದೆಂಬ ಭರವಸೆಯೇ ಯಾರಿಗೂ ಇರಲಿಲ್ಲ.

ತೆರೆ ಸರಿಸುವ ಹೊತ್ತು ಬಂದಾಗ ಪಾತ್ರಕ್ಕೆ ಗೊತ್ತಾಗಿದ್ದವರು ಅಲನ್ ವೆಬ್. 1906ರಲ್ಲಿ ಹುಟ್ಟಿದ, ನಿಜವಾಗಿಯೂ ವಯಸ್ಸಾದ ಇಂಗ್ಲಿಷ್ ನಟ. ಅವರು ಕಾಯಿಲೆ ಬಿದ್ದರು, ಪಾತ್ರ ಕೈಬಿಟ್ಟಿತು, 1982ರಲ್ಲಿ ತೀರಿಕೊಂಡರು. ಅವರು ಆರೋಗ್ಯವಾಗಿದ್ದಿದ್ದರೆ ನಮಗೆ ಸಿಗುತ್ತಿದ್ದದ್ದು ಒಬ್ಬ ಭಯಂಕರ ಮುದುಕ, ಅಷ್ಟೇ. ಅವನ ಹಿಂದಿನ ಬದುಕನ್ನು ಮುಂದೆ ಯಾವನೋ ಬೇರೆ ನಟ ಆಡಬೇಕಾಗುತ್ತಿತ್ತು.

ಪಾತ್ರಗಳಿಗೆ ನಟರನ್ನು ಹುಡುಕುತ್ತಿದ್ದ ಮೇರಿ ಸೆಲ್ವೇ ಅವರಿಗೆ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ನೋಡಿದ ಒಬ್ಬ ನಟನ ನೆನಪಾಯಿತು. ಸ್ಯಾಮ್ ಶೆಪರ್ಡ್ ಬರೆದ ‘ಸೆಡ್ಯೂಸ್ಡ್’ ನಾಟಕ. ಕೋಟ್ಯಧೀಶ ಹೋವರ್ಡ್ ಹ್ಯೂಸ್‌ನನ್ನು ಹೋಲುವ, ಕೋಣೆ ಬಿಟ್ಟು ಹೊರಬರದ, ಕೊಳೆತು ಸಾಯುತ್ತಿರುವ ಮುದುಕನ ಪಾತ್ರ. ಅದನ್ನು ಆಡುತ್ತಿದ್ದವನು ಮೂವತ್ತೈದರ ಆಸುಪಾಸಿನ ಸ್ಕಾಟ್ಲೆಂಡಿನ ಇಯಾನ್ ಮೆಕ್‌ಡಿಯರ್ಮಿಡ್. ಹಣ ಮತ್ತು ಅಧಿಕಾರದ ತುದಿಗೇರಿ ಕದ ಹಾಕಿಕೊಂಡವನ ಪಾತ್ರ ಇನ್ನೊಬ್ಬ ಕದ ಹಾಕಿಕೊಂಡವನ ಪಾತ್ರಕ್ಕೆ ದಾರಿಯಾಯಿತು. ಮೆಕ್‌ಡಿಯರ್ಮಿಡ್ ಹುಟ್ಟಿದ್ದು 1944ರ ಆಗಸ್ಟಿನಲ್ಲಿ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, ಆ ದಾರಿ ಬಿಟ್ಟು ರಂಗಭೂಮಿಗೆ ಬಂದ ಮನುಷ್ಯ. 1982ರಲ್ಲಿ ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಎಂಬತ್ತು ದಾಟಿದ ಚಕ್ರವರ್ತಿಯ ಸಿಂಹಾಸನದಲ್ಲಿ ಕೂತಾಗ ಅವರಿಗೆ 37 ವರ್ಷ.

ಗಂಟೆಗಟ್ಟಲೆ ಮೇಕಪ್, ಹಳದಿ ಲೆನ್ಸು, ಕಪ್ಪು ಮುಸುಕು. ಇಷ್ಟೆಲ್ಲ ಹೊರಿಸಿದ ಮೇಲೆ ನಟನಿಗೆ ಉಳಿಯುವುದು ದನಿ. ಎದೆಯಾಳದಿಂದ ಗೊರಗೊರ ಎಳೆದು ತರುವ ಆ ದನಿಯನ್ನು ಅವರೇ ಕಟ್ಟಿಕೊಂಡರು. ಅದೇ ಸೆಟ್ಟಿಗೆ ಒಂದು ದಿನ ಅವರ ಪರಿಚಯದ ಹಿರಿಯ ನಟ ಸೆಬಾಸ್ಟಿಯನ್ ಶಾ ಬಂದರಂತೆ. ಇಲ್ಲೇನು ಕೆಲಸ ಎಂದು ಕೇಳಿದರೆ, ಗೊತ್ತಿಲ್ಲಪ್ಪ, ಏನೋ ವೈಜ್ಞಾನಿಕ ಕತೆಗೆ ಸಂಬಂಧಪಟ್ಟದ್ದಿರಬೇಕು ಅಂದರಂತೆ. ಶಾ ಬಂದಿದ್ದದ್ದು ಮುಖವಾಡ ಕಳಚಿದ ಡಾರ್ತ್ ವೇಡರ್ ಆಗಿ ಸಾಯಲು. ವೇಡರ್‌ನ ಮುಖ ಯಾರದೆಂಬ ಗುಟ್ಟನ್ನು ಆ ಮಟ್ಟಿಗೆ ಕಾಪಾಡಿದ್ದರು.

1983ರ ಪತನ ಸರಳವಾದದ್ದು. ತಾನು ಹೆಣೆದ ಬಲೆಯಲ್ಲೇ ಎಲ್ಲರೂ ಬಂದು ಬಿದ್ದಿದ್ದಾರೆ, ಶತ್ರುಗಳಿಗೆ ಗುಟ್ಟು ಸಿಕ್ಕಿದ್ದೂ ತಾನು ಬಿಟ್ಟುಕೊಟ್ಟದ್ದರಿಂದಲೇ ಎಂದು ಚಕ್ರವರ್ತಿ ಚಪ್ಪರಿಸಿ ಹೇಳುತ್ತಾನೆ. ಎಲ್ಲವೂ ಅವನ ಲೆಕ್ಕದಂತೆಯೇ ನಡೆಯುತ್ತದೆ, ಒಂದರ ಹೊರತು. ತನ್ನ ಮಗನಿಗೆ ಚಕ್ರವರ್ತಿ ಮಿಂಚು ಹೊಡೆಯುತ್ತಿರುವುದನ್ನು ವೇಡರ್ ನೋಡಿಕೊಂಡು ನಿಲ್ಲಲಾರ ಎನ್ನುವುದು ಆ ಲೆಕ್ಕದಲ್ಲಿರಲಿಲ್ಲ. ವೇಡರ್ ಚಕ್ರವರ್ತಿಯನ್ನು ಎತ್ತಿ ಆಳದ ಕೊಳವೆಗೆ ಎಸೆಯುತ್ತಾನೆ. ಅಲ್ಲಿಗೆ ಕತೆ ಮುಗಿಯಿತು. ಮೂರು ಸಿನಿಮಾದಲ್ಲಿ ಒಮ್ಮೆಯೂ ಯಾರ ಬಾಯಲ್ಲೂ ಪಾಲ್ಪಟೀನ್ ಎಂಬ ಹೆಸರು ಬರಲಿಲ್ಲ. ಹೆಸರುಪಟ್ಟಿಯಲ್ಲೂ ಅವನು ಬರೀ ‘ಚಕ್ರವರ್ತಿ’.

ಮೆಕ್‌ಡಿಯರ್ಮಿಡ್ ನಾಟಕಕ್ಕೆ ಮರಳಿದರು. 1990ರಿಂದ ಜೊನಾಥನ್ ಕೆಂಟ್ ಜತೆ ಲಂಡನ್ನಿನ ಅಲ್ಮೇಡಾ ರಂಗಮಂದಿರವನ್ನು ನಡೆಸಿದರು. ಲ್ಯೂಕಸ್ ಹಿಂದಿನ ಕತೆ ಹೇಳಲು ಹೊರಟು 1997ರಲ್ಲಿ ಚಿತ್ರೀಕರಣಕ್ಕೆ ಇಳಿದಾಗ ಪಾಲ್ಪಟೀನ್ ಐವತ್ತು ದಾಟಿದ ಸೆನೆಟರ್ ಆಗಿರಬೇಕಿತ್ತು. ಮೆಕ್‌ಡಿಯರ್ಮಿಡ್ ವಯಸ್ಸೂ ಅಷ್ಟೇ ಆಗಿತ್ತು. ಹಿಂದೆ ಮುದುಕನಾಗಿ ನಟಿಸಿದ್ದ ಯುವಕ, ಕಾಲ ಕಳೆದು, ಅದೇ ಪಾತ್ರದ ನಡುವಯಸ್ಸಿಗೆ ಬಂದು ನಿಂತಿದ್ದ. ಈ ಸಲ ಮೇಕಪ್ಪೇ ಬೇಕಿರಲಿಲ್ಲ.

ಮೇಕಪ್ ಇಲ್ಲದಿರುವುದೇ ದೊಡ್ಡ ಲಾಭವಾಯಿತು. 1976ರ ಪೀಠಿಕೆಯ ರಾಜಕಾರಣಿ ಮತ್ತು 1980ರ ಮಾಂತ್ರಿಕ, ಈ ಇಬ್ಬರೂ ಒಬ್ಬನೇ ಆಗುವುದು ಹೇಗೆ ಎಂಬ ತೊಡಕು ಲ್ಯೂಕಸ್ ಎದುರಿಗಿತ್ತು. ಅವರು ಇಬ್ಬರನ್ನೂ ಬೆರೆಸಲು ಹೋಗಲಿಲ್ಲ, ಬೇರೆ ಬೇರೆಯಾಗಿಯೇ ನಿಲ್ಲಿಸಿದರು. 1999ರ ‘ದ ಫ್ಯಾಂಟಮ್ ಮೆನೇಸ್’ನಲ್ಲಿ ಮುಸುಕಿನೊಳಗೆ ಡಾರ್ತ್ ಸಿಡಿಯಸ್ ಇದ್ದಾನೆ, ಸೆನೆಟ್ಟಿನಲ್ಲಿ ಸಜ್ಜನ ಪಾಲ್ಪಟೀನ್ ಇದ್ದಾನೆ. ಸಿಡಿಯಸ್ ವ್ಯಾಪಾರಿಗಳ ಒಕ್ಕೂಟಕ್ಕೆ ಹೇಳಿ ನಬೂ ಗ್ರಹಕ್ಕೆ ದಿಗ್ಬಂಧನ ಹಾಕಿಸುತ್ತಾನೆ. ಅದೇ ಗ್ರಹದ ಪ್ರತಿನಿಧಿಯಾದ ಪಾಲ್ಪಟೀನ್ ಕಣ್ಣಲ್ಲಿ ನೀರು ತಂದುಕೊಳ್ಳುವಷ್ಟು ಸಂಕಟ ಪಡುತ್ತಾನೆ. ಎಳೆಯ ರಾಣಿ ಅಮಿಡಾಲಾ ಕಿವಿಯಲ್ಲಿ ಅವನೇ ಊದಿ, ಆಕೆಯ ಬಾಯಿಂದ ಚಾನ್ಸಲರ್ ವಲೋರಮ್ ವಿರುದ್ಧ ಅವಿಶ್ವಾಸ ಗೊತ್ತುವಳಿ ಮಂಡನೆಯಾಗುತ್ತದೆ. ಕುರ್ಚಿ ಖಾಲಿಯಾಗುತ್ತದೆ. ಅನುಕಂಪದ ಅಲೆಯಲ್ಲಿ ತೇಲಿ ಪಾಲ್ಪಟೀನ್ ಅಲ್ಲಿ ಕೂರುತ್ತಾನೆ. ಬೆಂಕಿ ಹಚ್ಚಿದವನೂ ಅವನೇ, ಕೊಡ ಹೊತ್ತು ಓಡಿ ಬಂದವನೂ ಅವನೇ.

ಆಗಿನ ಪ್ರೇಕ್ಷಕರು ಗೊಣಗಿದ್ದು ಇದಕ್ಕೇ. ಆಕಾಶಯುದ್ಧ ನೋಡಲು ಬಂದರೆ ತೆರಿಗೆ, ದಿಗ್ಬಂಧನ, ಸೆನೆಟ್ ಕಲಾಪ ಏಕೆ ತೋರಿಸುತ್ತಾರೆ ಎಂದು. ಆ ಸಿನಿಮಾದಲ್ಲಿ ದೂರಲು ಬೇಕಾದಷ್ಟಿದೆ, ಸಂಭಾಷಣೆಯಂತೂ ಹಲವು ಕಡೆ ಒಣಕಲು. ಆದರೆ ಕಲಾಪವನ್ನು ದೂರುವುದು ಸಲ್ಲದು. ಮುಗಿವ ಹೊತ್ತಿಗೆ ನಬೂ ಗ್ರಹದಲ್ಲಿ ವಿಜಯೋತ್ಸವದ ಮೆರವಣಿಗೆ, ಮಕ್ಕಳು ಹಾಡುವ ಲವಲವಿಕೆಯ ಹಾಡು. ಕಿವಿ ಚುರುಕಿದ್ದವರು ಪತ್ತೆಹಚ್ಚಿದ್ದೇನೆಂದರೆ, ಜಾನ್ ವಿಲಿಯಮ್ಸ್ 1983ರಲ್ಲಿ ಗಂಡುದನಿಗಳ ಗಂಭೀರ ಮೇಳಕ್ಕೆ ಕೂರಿಸಿದ್ದ ಚಕ್ರವರ್ತಿಯ ರಾಗವೇ ಇಲ್ಲಿ ವೇಷ ಬದಲಿಸಿ, ಸ್ಥಾಯಿ ಏರಿಸಿ, ಉಲ್ಲಾಸದ ಹಾಡಾಗಿ ಕುಣಿಯುತ್ತಿದೆ. ಊರಿಗೆ ಊರೇ ಅವನ ಹಾಡಿಗೆ ಹೆಜ್ಜೆ ಹಾಕುತ್ತಿದೆ, ಒಬ್ಬರಿಗೂ ಗೊತ್ತಿಲ್ಲ.

ಎರಡನೆಯ ಹೆಜ್ಜೆ 2002ರ ‘ಅಟ್ಯಾಕ್ ಆಫ್ ದ ಕ್ಲೋನ್ಸ್’. ಗಣರಾಜ್ಯದಿಂದ ಸಿಡಿದು ಹೋಗುವವರ ನಾಯಕ ಕೌಂಟ್ ಡೂಕು; ಅವನೂ ಸಿಡಿಯಸ್‌ನ ಶಿಷ್ಯನೇ. ಎರಡೂ ಕಡೆಯ ದಾರ ಒಂದೇ ಕೈಯಲ್ಲಿ. ಯುದ್ಧದ ಭೀತಿ ಹಬ್ಬಿದಾಗ ಚಾನ್ಸಲರ್‌ಗೆ ತುರ್ತು ಅಧಿಕಾರ ಕೊಡಬೇಕೆಂದು ಮಂಡಿಸುವವನು ಖಳನಲ್ಲ, ಪೆದ್ದುಪೆದ್ದಾದ, ಒಳ್ಳೆಯ ಮನಸ್ಸಿನ ಜಾರ್ ಜಾರ್ ಬಿಂಕ್ಸ್. ಪಾಲ್ಪಟೀನ್ ಒಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳುತ್ತಾನೆ; ಪ್ರಜಾಪ್ರಭುತ್ವ ನನಗೆ ಪ್ರಿಯ, ಬಿಕ್ಕಟ್ಟು ಕಳೆದ ದಿನವೇ ಇದನ್ನು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಮೊದಲ ಆದೇಶವೇ ತದ್ರೂಪಿ ಸೈನಿಕರ ಸೇನೆ. ತುರ್ತು ಅಧಿಕಾರವೆಂದರೇನೆಂದು 1975ನ್ನು ಕಂಡ ನಮ್ಮ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆಲ್ಲ ಲ್ಯೂಕಸ್ ಇಟ್ಟುಕೊಂಡ ಪಾಠಪುಸ್ತಕ ಇತಿಹಾಸವೇ. 2002ರಲ್ಲಿ ‘ಟೈಮ್’ ಪತ್ರಿಕೆಯ ಜತೆ ಮಾತಾಡುತ್ತ, ಪ್ರಜಾಪ್ರಭುತ್ವಗಳು ದಂಗೆಯಿಂದ ಹೋಗುವುದಿಲ್ಲ, ಜನರೇ ಸರ್ವಾಧಿಕಾರಿಯ ಕೈಗಿಡುತ್ತಾರೆ ಎಂಬರ್ಥದಲ್ಲಿ ಸೀಸರ್, ನೆಪೋಲಿಯನ್, ಹಿಟ್ಲರ್ ಹೆಸರು ಹೇಳಿದರು. ದಂಗೆಯ ಬಗ್ಗೆ ಅವರ ಮಾತು ತುಸು ಅತಿ ಆಯಿತು. ನೆಪೋಲಿಯನ್ 1799ರಲ್ಲಿ ಬಂದದ್ದು ದಂಗೆಯಿಂದಲೇ. ಆದರೆ 1804ರಲ್ಲಿ ಚಕ್ರವರ್ತಿ ಪಟ್ಟಕ್ಕೆ ಜನಮತಗಣನೆಯ ಮುದ್ರೆ ಒತ್ತಿಸಿಕೊಂಡ. ಹಿಟ್ಲರ್‌ನದು ಇನ್ನೂ ಹತ್ತಿರದ ಹೋಲಿಕೆ. 1933ರ ಜನವರಿ 30ರಂದು ಚಾನ್ಸಲರ್ ಆದ. ಫೆಬ್ರವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರ್ಚ್ 23ರಂದು ಸಂಸತ್ತನ್ನು ಕೇಳದೆಯೇ ಕಾನೂನು ಮಾಡುವ ಅಧಿಕಾರವನ್ನು ಅದೇ ಸಂಸತ್ತು 444–94 ಮತಗಳಿಂದ ಕೊಟ್ಟಿತು. ರೋಮಿನಲ್ಲಿ ಆಕ್ಟೇವಿಯನ್ ಕ್ರಿ.ಪೂ. 27ರಲ್ಲಿ ಅಧಿಕಾರವನ್ನೆಲ್ಲ ಸೆನೆಟ್ಟಿಗೆ ಹಿಂದಿರುಗಿಸುವ ನಾಟಕವಾಡಿ, ಆಗಸ್ಟಸ್ ಎಂಬ ಬಿರುದು ಪಡೆದು, ಸೆನೆಟ್ಟನ್ನು ಮುಚ್ಚದೆಯೇ ಆಳಿದ.

ಈ ಕೊನೆಯದು ಬಹಳ ಮುಖ್ಯ. 2005ರ ‘ರಿವೆಂಜ್ ಆಫ್ ದ ಸಿತ್’ನಲ್ಲಿ ಪಾಲ್ಪಟೀನ್ ತನ್ನನ್ನು ಬಂಧಿಸಲು ಬಂದ ಜೆಡೈಗಳ ಜತೆ ಸೆಣಸಿ, ತನ್ನದೇ ಮಿಂಚು ತಿರುಗಿಬಿದ್ದು ಸುಟ್ಟ ಮುಖದೊಂದಿಗೆ ಸೆನೆಟ್ಟಿಗೆ ಬರುತ್ತಾನೆ. ನನ್ನ ಕೊಲೆಗೆ ಯತ್ನ ನಡೆಯಿತು, ನೋಡಿ ಎಂದು ಮುಖವನ್ನೇ ಸಾಕ್ಷಿಯಾಗಿ ತೋರಿಸುತ್ತಾನೆ. ಇನ್ನು ಸುರಕ್ಷತೆಗಾಗಿ ಗಣರಾಜ್ಯ ಸಾಮ್ರಾಜ್ಯವಾಗುತ್ತದೆ ಎನ್ನುತ್ತಾನೆ. ಸಭೆ ಎದ್ದು ಚಪ್ಪಾಳೆ ತಟ್ಟುತ್ತದೆ. ಆ ಸೆನೆಟ್ ಅಂದೇ ಮುಚ್ಚಿತೆ? ಇಲ್ಲ. ಕತೆಯ ಕಾಲಗಣನೆಯಲ್ಲಿ ಅದಾದ 19 ವರ್ಷಕ್ಕೆ 1977ರ ಸಿನಿಮಾ ನಡೆಯುತ್ತದೆ. ಟಾರ್ಕಿನ್ ಸೆನೆಟ್ ವಿಸರ್ಜನೆಯ ಸುದ್ದಿ ತರುವುದು ಆಗ. ಅಂದರೆ ತನ್ನನ್ನು ತಾನೇ ಕೊಂದುಕೊಂಡ ಮೇಲೂ ಆ ಸಭೆ 19 ವರ್ಷ ಸೇರುತ್ತಿತ್ತು, ಹಾಜರಿ ಹಾಕುತ್ತಿತ್ತು. ಸಭೆಯ ಮೇಜಿನ ಬಳಿ ಆಡಿ ಮರೆತ ಮಾತಿಗೆ 28 ವರ್ಷದ ನಂತರ ಮೈಬಂತು.

ಮುಖದ ಬಗ್ಗೆಯೂ ಒಂದು ಶೋಧವಿದೆ. ಸಾಧಾರಣ ಕಣ್ಣಿನ ಪಾಲ್ಪಟೀನ್ ನಿಜ, ಹಳದಿ ಕಣ್ಣು ವಿಕಾರ ಎಂದು ನಾವು ಅಂದುಕೊಳ್ಳುತ್ತೇವೆ. ಲ್ಯೂಕಸ್ ತನಗೆ ಹೇಳಿದ್ದು ತಿರುಗಾಮುರುಗಾ ಎಂದು ಮೆಕ್‌ಡಿಯರ್ಮಿಡ್ ನೆನಪಿಸಿಕೊಂಡಿದ್ದಾರೆ: ನಿನ್ನ ಸಹಜ ಕಣ್ಣುಗಳನ್ನೇ ಪಾಲ್ಪಟೀನ್ ಹಾಕಿಕೊಂಡ ಲೆನ್ಸ್ ಎಂದುಕೋ ಎಂದು. ಆ ಸಜ್ಜನ ಸೆನೆಟರ್‌ನ ಪ್ರತಿ ನಗುವೂ ನಟನೆ. ಮೆಕ್‌ಡಿಯರ್ಮಿಡ್ ಈ ಪಾತ್ರವನ್ನು ಶೇಕ್ಸ್‌ಪಿಯರನ ಇಯಾಗೋಗೆ ಹೋಲಿಸಿದ್ದೂ ಉಂಟು. ಆಪೆರಾ ನೋಡುತ್ತ, ಪಕ್ಕದಲ್ಲಿ ಕೂತ, ಮುಂದೆ ಡಾರ್ತ್ ವೇಡರ್ ಆಗಲಿರುವ ತರುಣ ಅನಾಕಿನ್‌ಗೆ ಸಾವನ್ನು ತಡೆಯಬಲ್ಲ ಗುರುವೊಬ್ಬನ ಕತೆಯನ್ನು ಮೆಲುದನಿಯಲ್ಲಿ ಹೇಳುವ ದೃಶ್ಯದಲ್ಲಿ ಕತ್ತಿಯಿಲ್ಲ, ಮಿಂಚಿಲ್ಲ. ಇಡೀ ಸರಣಿಯಲ್ಲಿ ಅವನ ಅತ್ಯಂತ ಅಪಾಯದ ಗಳಿಗೆ ಅದೇ.

ಅಂತ್ಯ ಮೊದಲೇ ಗೊತ್ತಿರುವುದರಿಂದ ಈ ಮೂರು ಸಿನಿಮಾಗಳಲ್ಲಿ ಅವನು ಗೆಲ್ಲುವನೋ ಸೋಲುವನೋ ಎಂಬ ಕುತೂಹಲಕ್ಕೆ ಎಡೆಯಿಲ್ಲ. ಉಳಿಯುವ ಪ್ರಶ್ನೆ ಇವನಿಗೆ ದಾರಿ ಬಿಟ್ಟವರು ಯಾರು ಎನ್ನುವುದು ಮಾತ್ರ. ಕಣ್ಣು ಖಳನಿಂದ ಸರಿದು, ಕೈಯೆತ್ತಿದವರ ಮೇಲೆ, ಚಪ್ಪಾಳೆ ತಟ್ಟಿದವರ ಮೇಲೆ ಹೋಗುತ್ತದೆ. ಮೊದಲು ಏರಿಸಿ ಆಮೇಲೆ ಬೀಳಿಸಿದ್ದರೆ ಇದು ಸಾಧ್ಯವಿತ್ತೇ ಎಂಬ ಅನುಮಾನ ನನ್ನದು.

2004ರ ಡಿವಿಡಿಯಲ್ಲಿ ಲ್ಯೂಕಸ್ 1980ರ ಆ ಬಿಂಬದ ದೃಶ್ಯವನ್ನೂ ತಿದ್ದಿದರು. ಎಲೇನ್ ಬೇಕರ್ ಮುಖ, ಚಿಂಪಾಂಜಿ ಕಣ್ಣು, ರೆವಿಲ್ ದನಿ, ಮೂರೂ ಹೋಗಿ ಮೆಕ್‌ಡಿಯರ್ಮಿಡ್ ಬಂದರು. ಹೊಂದಾಣಿಕೆಯಾಯಿತು, ನಿಜ. ಆ ಮೃಗದ ಕಣ್ಣುಗಳ ಬಗ್ಗೆ ನನಗೆ ಇನ್ನೂ ಮರುಕವಿದೆ.

2012ರಲ್ಲಿ ಡಿಸ್ನಿ 405 ಕೋಟಿ ಡಾಲರಿಗೆ ಲ್ಯೂಕಸ್‌ಫಿಲ್ಮ್ ಕೊಂಡಿತು. 2019ರ ಏಪ್ರಿಲ್ 12ರಂದು ಷಿಕಾಗೊದ ಅಭಿಮಾನಿ ಸಮ್ಮೇಳನದಲ್ಲಿ ಹೊಸ ಸಿನಿಮಾದ ತುಣುಕಿನ ಕೊನೆಗೆ ಆ ಹಳೆಯ ನಗೆ ಕೇಳಿಸಿತು. ದೀಪ ಹತ್ತಿದಾಗ ಮೆಕ್‌ಡಿಯರ್ಮಿಡ್ ವೇದಿಕೆಯಲ್ಲಿದ್ದರು. ಜನ ಹುಚ್ಚೆದ್ದರು. ಡಿಸೆಂಬರಿನಲ್ಲಿ ಬಂದ ‘ದ ರೈಸ್ ಆಫ್ ಸ್ಕೈವಾಕರ್’ ಪಾಲ್ಪಟೀನ್ ಬದುಕಿ ಬಂದದ್ದು ಹೇಗೆಂದು ಒಂದು ಮಾತಿನಲ್ಲಿ ಹಾರಿಸಿಬಿಟ್ಟಿತು: ಹೇಗೋ ಬಂದಿದ್ದಾನೆ. ಕಾಮಿಕ್ಸ್‌ನವರು 1991ರಲ್ಲೇ ‘ಡಾರ್ಕ್ ಎಂಪೈರ್’ನಲ್ಲಿ ಅವನನ್ನು ತದ್ರೂಪಿ ದೇಹಕ್ಕೆ ಇಳಿಸಿ ಎಬ್ಬಿಸಿದ್ದರು, ಕಾರಣವಾದರೂ ಕೊಟ್ಟಿದ್ದರು. ಸಿನಿಮಾದ ಪಾಲ್ಪಟೀನ್‌ಗೆ ಸೆನೆಟ್ ಇಲ್ಲ, ಮತದಾರರಿಲ್ಲ, ಮರುಳು ಮಾಡಲು ಯಾರೂ ಇಲ್ಲ. ಕತ್ತಲ ಗ್ರಹದಲ್ಲಿ ಯಂತ್ರಕ್ಕೆ ಜೋತುಬಿದ್ದ ಶರೀರ. ಅಲ್ಲಿಗೆ ಅವನು ಮತ್ತೆ ಮಿಂಗ್ ಆದ.

ಅವನಿಗೆ ದಾರಿ ಬಿಟ್ಟವರು ಯಾರು ಎಂಬ ಹುಡುಕಾಟ ಮುಂದುವರಿದದ್ದು ಬೇರೆ ಕಡೆ. ‘ರಿವೆಂಜ್ ಆಫ್ ದ ಸಿತ್’ಗಾಗಿ ಕೆಲವು ದೃಶ್ಯ ಚಿತ್ರೀಕರಿಸಿ, ಕತೆ ಅನಾಕಿನ್ ಮೇಲೆಯೇ ನಿಲ್ಲಲಿ ಎಂದು ಕತ್ತರಿಸಿ ಹಾಕಿದ್ದರು. ಪಾಲ್ಪಟೀನ್ ಬಗ್ಗೆ ಅನುಮಾನ ಹುಟ್ಟಿದ ಸೆನೆಟರುಗಳು ಗುಟ್ಟಾಗಿ ಸೇರಿ, 2000 ಸಹಿಯ ಮನವಿ ಹಿಡಿದು ಚಾನ್ಸಲರ್ ಎದುರು ಹೋಗುವ ದೃಶ್ಯಗಳವು. ಕೈಯೆತ್ತದವರೂ ಇದ್ದರು ಎನ್ನುವುದಕ್ಕೆ ಅದೊಂದೇ ಸಾಕ್ಷಿ. ಅದೂ ಡಿವಿಡಿಯ ಹೆಚ್ಚುವರಿ ಭಾಗಕ್ಕೆ ಸೇರಿಕೊಂಡಿತು. ಅವರಲ್ಲಿ ಮಾನ್ ಮಾಥ್ಮಾ ಪಾತ್ರ ಮಾಡಿದ್ದವರು ಆಗಿನ್ನೂ ಹೆಸರಾಗದ ಜೆನೆವೀವ್ ಓರೈಲಿ. 2016ರ ‘ರೋಗ್ ಒನ್’ಗೆ ಅದೇ ಪಾತ್ರಕ್ಕೆ ಅವರನ್ನೇ ಮತ್ತೆ ಕರೆದರು. ಆಮೇಲೆ ಟೋನಿ ಗಿಲ್ರಾಯ್ ಅವರ ‘ಆಂಡಾರ್’ ಸರಣಿ, 2022 ಮತ್ತು 2025ರಲ್ಲಿ. ಅದರ 24 ಕಂತುಗಳಲ್ಲಿ ಪಾಲ್ಪಟೀನ್ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಇರುವುದು ಅವನ ಕಚೇರಿಗಳು: ಕಡತ, ಬಡ್ತಿಯ ಪೈಪೋಟಿ, ಸಭೆಯ ಟಿಪ್ಪಣಿ, ಒಂದು ಗ್ರಹವನ್ನು ಅಳಿಸಿಹಾಕುವ ಯೋಜನೆಗೆ ಕೂತು ಮಾಡುವ ಲೆಕ್ಕಾಚಾರ. ಎರಡನೆಯ ಸರಣಿಯ ಒಂಬತ್ತನೆಯ ಕಂತಿನಲ್ಲಿ ಮಾನ್ ಮಾಥ್ಮಾ ಅರ್ಧ ಜೀವದ ಆ ಸೆನೆಟ್ಟಿನಲ್ಲಿ ಎದ್ದು ನಿಂತು, ಆ ಗ್ರಹದಲ್ಲಿ ನಡೆದದ್ದು ನರಮೇಧ ಎಂದು ಹೇಳಿ, ಅದರ ಹೊಣೆಯನ್ನು ಪಾಲ್ಪಟೀನ್ ಹೆಸರು ಹಿಡಿದೇ ಹೊರಿಸುತ್ತಾಳೆ. ಮೈಕು ಆರಿಸಲು ಅಧಿಕಾರಿಗಳು ಹೆಣಗಾಡುತ್ತಿರುತ್ತಾರೆ. 2005ರಲ್ಲಿ ಕತ್ತರಿಗೆ ಸಿಕ್ಕಿದ್ದ ಮಾತನ್ನು ಅದೇ ನಟಿ ಇಪ್ಪತ್ತು ವರ್ಷದ ಮೇಲೆ ಪೂರ್ತಿ ಆಡಿದರು.